ಕಲ್ಲಿಗೆ ಏನಾಗುತ್ತದೆ ಎಂದು ಕೇಳುವವರಿಗೆ

"ಇಷ್ಟು ಕೋಟಿ ವರ್ಷ ಏನೂ ಆಗದ ಕಲ್ಲು, ನಾನು ಗೀರಿದ ಮಾತ್ರಕ್ಕೆ ಹಾಳಾಗಿಬಿಡುತ್ತದೆಯೇ?"

ಡೈನೋಸಾರ್ ಹೆಜ್ಜೆಗುರುತುಗಳಿರುವ ಬಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕಾರಿನ ಕೀಲಿಯಿಂದ ಕೆರೆಯುತ್ತಿದ್ದ ಮನುಷ್ಯ ನನಗೆ ಕೊಟ್ಟ ಉತ್ತರವಿದು. ಹೌದು, ಹಾಳಾಗುತ್ತದೆ. ಅಲ್ಲಿಯೇ ನಾಲ್ಕು ಮಾತು ಆಡಿ ಬಂದಿದ್ದೇನೆ. ಆದರೂ ಸಿಟ್ಟು ಇಳಿದಿಲ್ಲ.

ಮನೆಮಂದಿಯೆಲ್ಲ ಬಿಸಿಲು ಇಳಿದ ಮೇಲೆಯೇ ಹೋಗಿದ್ದೆವು. ಸೂರ್ಯ ನೆತ್ತಿಯ ಮೇಲಿರುವಾಗ ಇಂತಹ ಗುರುತುಗಳು ಕಣ್ಣಿಗೆ ಬೀಳುವುದೇ ಕಷ್ಟ. ಬೆಳಕು ಓರೆಯಾಗಿ ಬಿದ್ದರೆ ಪ್ರತಿ ತಗ್ಗಿನಲ್ಲೂ ನೆರಳು ತುಂಬಿ ಬೆರಳುಗಳು ಎದ್ದು ಕಾಣುತ್ತವೆ. ಮೂರು ಬೆರಳಿನ ಪಾದ. ನಡುಬೆರಳಿನ ತುದಿಯಲ್ಲಿ ಉಗುರು ಊರಿದ ಸಣ್ಣ ಕುಳಿ. ಮೈಭಾರಕ್ಕೆ ಪಕ್ಕಕ್ಕೆ ಸರಿದು ಎದ್ದ ಕೆಸರು ಪಾದದ ಸುತ್ತ ದಂಡೆಯಂತೆ ಹಾಗೆಯೇ ಕಲ್ಲಾಗಿ ನಿಂತಿತ್ತು. ನನ್ನ ಮಗಳು ಕೈ ತಾಗಿಸದೆ, ಮೊಣಕಾಲೂರಿ ಬಗ್ಗಿ ನೋಡಿದಳು. "ಅಮ್ಮಾ, ಇದು ಆ ಕಡೆ ಹೋಗಿದೆ" ಎಂದು ತೋರಿಸಿ ಮುಂದಿನ ಹೆಜ್ಜೆಯನ್ನು ತಾನೇ ಹುಡುಕಿದಳು. ಅದರ ಮುಂದಿನದನ್ನು ಹುಡುಕುತ್ತ ಹೋದಾಗ ಎದುರಾದದ್ದು ಈ ಮನುಷ್ಯ.

ಫೋಟೊದಲ್ಲಿ ಬೆರಳಿನ ಅಂಚು ಸರಿಯಾಗಿ ಮೂಡುತ್ತಿಲ್ಲವಂತೆ. ಅದಕ್ಕೆ ಕೀಲಿಯಿಂದ ತಿದ್ದುತ್ತಿದ್ದ! ಮಳೆಬಿಸಿಲಿಗೆ ಕಂದಿದ ಬಂಡೆಯ ಮೇಲೆ ಬೆಳ್ಳಗೆ ಹೊಸ ಗೀರು. ಕೆರೆದ ಪುಡಿಯನ್ನು ಬಾಯಿಂದ ಊದಿ, ಮಗನನ್ನು ಕರೆದು ಅದರೊಳಗೆ ನಿಲ್ಲಿಸಿದ. ಅಲ್ಲಿಯವರೆಗೆ ಆ ಹುಡುಗ ಪಕ್ಕದ ಬಂಡೆಯ ಸಡಿಲ ಚಕ್ಕೆಯೊಂದನ್ನು ಕಲ್ಲಿನಿಂದ ಮೀಟುತ್ತಿದ್ದ. ಹುಡುಗನ ಮೇಲೆ ನನಗೆ ಕೋಪವಿಲ್ಲ. ಬೇಡವೆಂದು ಹೇಳಬೇಕಾದ ಅಪ್ಪನೇ ಕೆರೆಯಲು ಕೂತಿದ್ದರೆ ಮಗು ಏನನ್ನು ಕಲಿಯಬೇಕು?

ಈಗ ಆ ಮಾತಿಗೆ ಬರುತ್ತೇನೆ. ಆ ಗುರುತು ಇಷ್ಟು ಕಾಲ ಉಳಿದದ್ದು ಹೂತುಹೋಗಿದ್ದುದರಿಂದ. ಹಸಿ ಕೆಸರಿನಲ್ಲಿ ಪ್ರಾಣಿ ಕಾಲಿಟ್ಟಿತು, ಕೆಸರು ತುಸು ಒಣಗಿ ಬಿಗಿಯಾಯಿತು, ಮೇಲೆ ಬೇರೆ ಹೂಳು ಬಂದು ಮುಚ್ಚಿತು, ಪದರದ ಮೇಲೆ ಪದರ ಬಿದ್ದು ಎಲ್ಲವೂ ಕಲ್ಲಾಯಿತು. ಗಾಳಿ, ಮಳೆ, ಮರದ ಬೇರು ಯಾವುದೂ ತಲುಪದ ಆಳದಲ್ಲಿ ಅದು ಕ್ಷೇಮವಾಗಿತ್ತು. ಮೇಲಿನ ಪದರ ಸವೆದು ಬಯಲಿಗೆ ಬಂದ ದಿನದಿಂದಲೇ ಅದರ ಆಯುಷ್ಯ ಕರಗತೊಡಗಿದೆ. ಆಸ್ಟ್ರೇಲಿಯಾದ ಲಾರ್ಕ್ ಕ್ವಾರಿಯಲ್ಲಿ 1970ರ ದಶಕದಲ್ಲಿ ಅಗೆದು ತೆಗೆದ ಸಾವಿರಾರು ಹೆಜ್ಜೆಗುರುತುಗಳನ್ನು ಬಯಲಿನಲ್ಲಿ ಬಿಡಲಾಗದೆ 1979ರಲ್ಲಿ ಸೂರು ಹಾಕಿದರು. ಅದೂ ಸಾಲದೆ 2002ರಲ್ಲಿ ಇಡೀ ಜಾಗಕ್ಕೆ ಕಟ್ಟಡವನ್ನೇ ಕಟ್ಟಿದರು. ಬೊಲಿವಿಯಾದ ಕಾಲ್ ಓರ್ಕೊದಲ್ಲಿ ಸಾವಿರಾರು ಗುರುತುಗಳಿರುವ ಕಡಿದಾದ ಬಂಡೆಯ ಒಂದು ಭಾಗ 2010ರಲ್ಲಿ ಕುಸಿದೇಹೋಯಿತು. ಮಳೆಗಾಳಿಗೇ ತಡೆಯಲಾರದ ಕಲ್ಲು ಲೋಹದ ಮೊನೆಯನ್ನು ತಡೆಯುತ್ತದೆಯೇ?

ಇನ್ನು ಕಿತ್ತು ಎಸೆಯುವವರ ಕಥೆ. ಅಮೆರಿಕದ ಯೂಟಾ ರಾಜ್ಯದ ರೆಡ್ ಫ್ಲೀಟ್ ಉದ್ಯಾನದಲ್ಲಿ ಸುಮಾರು 20 ಕೋಟಿ ವರ್ಷ ಹಳೆಯ ಗುರುತುಗಳಿವೆ. ಪ್ರವಾಸಿಗರು ಅವುಗಳಿದ್ದ ಚಪ್ಪಡಿಗಳನ್ನು ಎತ್ತಿ ಪಕ್ಕದ ಜಲಾಶಯಕ್ಕೆ ಎಸೆಯುತ್ತಿದ್ದಾರೆ, ದಯವಿಟ್ಟು ನಿಲ್ಲಿಸಿ ಎಂದು 2018ರಲ್ಲಿ ಉದ್ಯಾನದವರು ಸಾರ್ವಜನಿಕರನ್ನು ಬೇಡಿಕೊಳ್ಳಬೇಕಾಯಿತು. ಆಸ್ಟ್ರೇಲಿಯಾದ ಬ್ರೂಮ್ ಕರಾವಳಿಯಲ್ಲಿ 1996ರಲ್ಲಿ ಹೆಜ್ಜೆಗುರುತನ್ನೇ ಬಂಡೆಯಿಂದ ಕತ್ತರಿಸಿ ಕದ್ದೊಯ್ದರು. ಅಲ್ಲಿನ ಮೂಲನಿವಾಸಿಗಳಿಗೆ ಆ ಗುರುತುಗಳು ಪವಿತ್ರ. ಒಬ್ಬರಿಗೆ ಆಟ, ಇನ್ನೊಬ್ಬರಿಗೆ ಲಾಭ. ಹೋದದ್ದನ್ನು ಮತ್ತೆ ತರುವವರು ಯಾರು?

ಎಲುಬಾದರೆ ಎತ್ತಿ ವಸ್ತುಸಂಗ್ರಹಾಲಯದಲ್ಲಿ ಇಟ್ಟು ಅಧ್ಯಯನ ಮಾಡಬಹುದು. ಹೆಜ್ಜೆಸಾಲಿನ ಅರ್ಥವಿರುವುದು ಅದು ಇದ್ದ ಜಾಗದಲ್ಲಿ, ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವಿನ ಅಂತರದಲ್ಲಿ. ಪಾದದ ಉದ್ದವನ್ನು ಸುಮಾರು ನಾಲ್ಕರಿಂದ ಗುಣಿಸಿದರೆ ಪ್ರಾಣಿಯ ಸೊಂಟದ ಎತ್ತರ ಅಂದಾಜಿಗೆ ಸಿಗುತ್ತದೆ. ಆ ಎತ್ತರವನ್ನೂ ಹೆಜ್ಜೆಯ ಅಂತರವನ್ನೂ ಸೇರಿಸಿ ವೇಗವನ್ನು ಲೆಕ್ಕ ಹಾಕುವ ದಾರಿಯನ್ನು ಬ್ರಿಟಿಷ್ ಪ್ರಾಣಿವಿಜ್ಞಾನಿ ಮ್ಯಾಕ್‌ನೀಲ್ ಅಲೆಕ್ಸಾಂಡರ್ 1976ರಲ್ಲಿ ತೋರಿಸಿಕೊಟ್ಟರು. ಸತ್ತು ಎಷ್ಟೋ ಕೋಟಿ ವರ್ಷವಾದ ಜೀವಿ ಅಂದು ಮೆಲ್ಲನೆ ನಡೆಯಿತೇ, ಓಡಿತೇ ಎಂದು ಹೇಳಬಲ್ಲ ಸಾಕ್ಷಿ ಇದು! ನೀವು ಫೋಟೊಕ್ಕಾಗಿ ಬೆರಳನ್ನು ಒಂದಿಷ್ಟು ಉದ್ದ ಮಾಡಿದರೆ ಆ ಅಳತೆ ಸುಳ್ಳಾಗುತ್ತದೆ, ಎತ್ತರ ಸುಳ್ಳಾಗುತ್ತದೆ, ವೇಗವೂ ಸುಳ್ಳಾಗುತ್ತದೆ. ನಡುವಿನ ಒಂದು ಚಪ್ಪಡಿಯನ್ನು ಕಿತ್ತರೆ ನಡಿಗೆಯೇ ತುಂಡಾಗುತ್ತದೆ.

ನಿರ್ವಹಣೆಯವರನ್ನು ಬಿಡುವ ಪ್ರಶ್ನೆಯೇ ಇಲ್ಲ. ವಾಹನಗಳನ್ನು ಸಾಲಾಗಿ ನಿಲ್ಲಿಸಲು ಸೀಟಿ ಹಿಡಿದ ಇಬ್ಬರಿದ್ದರು. ಬಂಡೆಯ ಹತ್ತಿರ ಒಬ್ಬರೂ ಇರಲಿಲ್ಲ. ಸೂಚನಾ ಫಲಕವಿತ್ತು, ಬಿಸಿಲಿಗೆ ಅಕ್ಷರ ಅಳಿಸಿಹೋಗಿತ್ತು. ಹಗ್ಗವಿಲ್ಲ, ಇಲ್ಲಿಂದ ನಡೆಯಿರಿ ಎಂಬ ಗುರುತೂ ಇಲ್ಲ. ಕುಳಿಗಳಲ್ಲಿ ಸೀಮೆಸುಣ್ಣದ ಗೆರೆ, ಬಿಸ್ಕತ್ತಿನ ಪೊಟ್ಟಣ. ಕಚೇರಿಗೆ ಹೋಗಿ ಹೇಳಿದರೆ, "ಫಲಕ ಹಾಕಿದ್ದೇವಲ್ಲ ಮೇಡಂ, ಜನ ಓದದಿದ್ದರೆ ನಾವೇನು ಮಾಡೋಣ" ಎಂಬ ಉತ್ತರ. ಎದ್ದು ಬಂದು ನೋಡುವ ಸೌಜನ್ಯವೂ ಇಲ್ಲ. ನನ್ನ ಜೊತೆಗಿದ್ದ ವಯಸ್ಸಾದ ಮಾವನವರು, "ಕಣ್ಣೆದುರಿಗೆ ಆಗುತ್ತಿದೆ, ಒಂದು ಸಲ ಬನ್ನಿ ಸ್ವಾಮಿ" ಎಂದು ಕೇಳಿಕೊಂಡರು. ಅದಕ್ಕೂ ಅವರು ಕದಲಲಿಲ್ಲ.

ಅಸಾಧ್ಯವಾದದ್ದನ್ನು ಯಾರೂ ಕೇಳುತ್ತಿಲ್ಲ. ಜನರ ಕಾಲು ಬಂಡೆಗೆ ತಾಗದಂತೆ ಮರದ ನಡೆದಾರಿ ಮಾಡಿ. ಮಕ್ಕಳಿಗೆ ಮುಟ್ಟಬೇಕು, ಒಳಗೆ ಕಾಲಿಟ್ಟು ನೋಡಬೇಕು ಎನ್ನಿಸುವುದು ಸಹಜ. ಅವರಿಗಾಗಿ ಒಂದು ಹೆಜ್ಜೆಯ ಅಚ್ಚಿನ ಪ್ರತಿಕೃತಿಯನ್ನು ಪ್ರವೇಶದ್ವಾರದಲ್ಲೇ ಇಡಿ, ಮನಸೋ ಇಚ್ಛೆ ಆಡಲಿ. ಸಂಜೆಯ ಹೊತ್ತಿಗಾದರೂ ವಿವರಿಸಿ ಹೇಳುವ ಒಬ್ಬರನ್ನು ನಿಲ್ಲಿಸಿ. ಫೋಟೊ ಚೆನ್ನಾಗಿ ಬರಬೇಕೆನ್ನುವವರಿಗೆ ಬೆಳಕನ್ನು ಪಕ್ಕದಿಂದ ಬಿಡಬೇಕು ಎಂದು ಅವರೇ ತೋರಿಸಿಕೊಟ್ಟಾರು. ಮೊಬೈಲಿನ ಟಾರ್ಚ್ ಓರೆಯಾಗಿ ಹಿಡಿದರೂ ಸಾಕು.

ಗೀರಿನ ಚಿತ್ರಗಳನ್ನು ಲಗತ್ತಿಸಿ ಲಿಖಿತ ದೂರು ಕೊಟ್ಟಿದ್ದೇನೆ. ಸ್ವೀಕರಿಸಿದ್ದೇವೆ ಎಂಬ ಒಂದು ಸಾಲು ಕೂಡ ಬಂದಿಲ್ಲ. ನೀವು ಯಾರಾದರೂ ಇಂತಹ ಜಾಗಕ್ಕೆ ಹೋಗಿ ಇದೇ ಅನಾಚಾರವನ್ನು ಕಂಡಿದ್ದರೆ, ಸುಮ್ಮನೆ ಮನೆಗೆ ಬರಬೇಡಿ. ಚಿತ್ರ ತೆಗೆದು, ದಿನಾಂಕ ಹಾಕಿ, ಅಲ್ಲಿನ ಮೇಲಧಿಕಾರಿಗಳಿಗೆ ಬರೆಯಿರಿ. ನಾನು ಎರಡನೆಯ ಪತ್ರವನ್ನು ಇವತ್ತೇ ಕಳುಹಿಸುತ್ತಿದ್ದೇನೆ.