ಇಪ್ಪತ್ತಕ್ಕೆ ಇಪ್ಪತ್ತು ದೇವರಿಗೆ ಮಾತ್ರ

ಪ್ಯಾರಿಸ್ಸಿನ ಒಬ್ಬ ಮಹಾತಾಯಿಯ ಕಥೆ ಕೇಳಿ. 2024ರ ಜನವರಿಯಲ್ಲಿ ಫ್ರಾನ್ಸಿನ ಶಿಕ್ಷಣ ಸಚಿವೆಯ ಕುರ್ಚಿ ಬಿಸಿಯಾಗುವ ಮೊದಲೇ ಅಮೆಲಿ ಉಡೆಯಾ-ಕಾಸ್ತೆರಾ ಬಾಯಿ ಬಿಟ್ಟರು: ಲಿತ್ರೆ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು ಬರದ ದಿನ ಬದಲಿಯವರೂ ಬರುತ್ತಿರಲಿಲ್ಲ, ಬೇಸತ್ತು ಮಗನನ್ನು ಸ್ತಾನಿಸ್ಲಾಸ್ ಎಂಬ ಕ್ಯಾಥೊಲಿಕ್ ಖಾಸಗಿ ಶಾಲೆಗೆ ಹಾಕಿದೆವು ಅಂತ. ದೇಶದ ಸರ್ಕಾರಿ ಶಾಲೆಗಳ ಯಜಮಾನಿಯಿಂದಲೇ ಇಂಥ ಜಾಹೀರಾತು! ದುಡ್ಡು ಕೊಟ್ಟರೂ ಸಿಗದು. ಹಾಗೇನೂ ನಡೆದಿಲ್ಲ ಎಂದು ಆ ಮಗನ ಅಂದಿನ ಶಿಕ್ಷಕಿ ಪತ್ರಿಕೆಗೆ ಹೇಳಿದರು. ಸಚಿವೆ ಲಿತ್ರೆಗೇ ಹೋಗಿ ಕ್ಷಮೆ ಕೇಳಿ, ಧಿಕ್ಕಾರ ಕೂಗಿಸಿಕೊಂಡು ಬಂದರು. ತಿಂಗಳು ತುಂಬುವಷ್ಟರಲ್ಲಿ ಖಾತೆ ಹೋಯಿತು.

ಅವರನ್ನೇ ಯಾಕೆ ಅನ್ನಬೇಕು? ಅತ್ತಾಲ್, ಉಡೆಯಾ-ಕಾಸ್ತೆರಾ, ಬೆಲ್ಲುಬೆ, ಜೆನೆತೆ, ಬೋರ್ನ್ ಎಂದು 2024 ಒಂದೇ ವರ್ಷದಲ್ಲಿ ಐವರು ಆ ಕುರ್ಚಿ ಕಂಡರು. ಮೇಷ್ಟ್ರಿಗೆ ಬದಲಿ ಸಿಗದ ದೇಶದಲ್ಲಿ ಸಚಿವರಿಗೆ ಮಾತ್ರ ಬದಲಿಗೆ ಬರವಿಲ್ಲ.

ಅಲ್ಲಿನ ಲೆಕ್ಕವೇ ಹಾಗೆ. ನಮ್ಮ ಮಕ್ಕಳು ಆರು, ಏಳು, ಎಂಟು ಎಂದು ಮೇಲೆ ಹತ್ತಿದರೆ, ಅವರ ಮಕ್ಕಳು ಹನ್ನೊಂದರ ವಯಸ್ಸಿಗೆ ಆರನೇ ಕ್ಲಾಸು ಸೇರಿ ಐದು, ನಾಲ್ಕು, ಮೂರು ಎಂದು ಶ್ರೀಹರಿಕೋಟಾದ ಕೌಂಟ್‌ಡೌನ್ ಥರ ಇಳಿಯುತ್ತಾರೆ. ಒಂದು ಮುಗಿದರೂ ರಾಕೆಟ್ ಹಾರುವುದಿಲ್ಲ, ಇನ್ನೊಂದು ವರ್ಷ ಬಾಕಿ ಇರುತ್ತದೆ. ಅದರ ಕೊನೆಗೆ ನೆಪೋಲಿಯನ್ 1808ರಲ್ಲಿ ಶುರುಮಾಡಿದ ಬಾಕಲೋರಿಯಾ ಪರೀಕ್ಷೆ. ಹದಿನೆಂಟರ ಹುಡುಗರು ನಾಲ್ಕು ಗಂಟೆ ಕೂತು ತತ್ತ್ವಶಾಸ್ತ್ರ ಬರೆಯುತ್ತಾರೆ. (ನಮ್ಮ ಹುಡುಗರಿಗೆ ತತ್ತ್ವಶಾಸ್ತ್ರ ತಾನಾಗಿ ಬರುವುದು ಸಿಇಟಿ ರ‍್ಯಾಂಕ್ ನೋಡಿದ ಮೇಲೆ.) ಆದರೆ ಕಾಲೇಜು ಸೀಟು ಹಂಚುವ ಪಾರ್ಕೂರ್‌ಸುಪ್ ಎಂಬ ವೆಬ್‌ಸೈಟು, ಅವರು ಈ ಉತ್ತರ ಬರೆಯುವ ಮೊದಲೇ ಸೀಟು ಹಂಚಲು ಶುರುಮಾಡಿರುತ್ತದೆ. ಇರುವಿಕೆಯ ಅರ್ಥವೇನು ಎಂದು ಚಿಂತಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ?

ಅಂಕ ಕೊಡುವುದು 20ಕ್ಕೆ. ಇಪ್ಪತ್ತು ದೇವರಿಗೆ, ಆಮೇಲಿನದು ಮೇಷ್ಟ್ರಿಗೆ, ಉಳಿದದ್ದು ಹುಡುಗರಿಗೆ ಎಂಬ ಹಳೆಯ ಮಾತು ಅಲ್ಲಿದೆ. 1882ರಲ್ಲೇ ಧರ್ಮಪಾಠ ನಿಲ್ಲಿಸಿ ಸರ್ಕಾರಿ ಶಾಲೆಯಿಂದ ದೇವರಿಗೆ ಟಿ.ಸಿ. ಕೊಟ್ಟು ಕಳಿಸಿದರೂ ಫಸ್ಟ್ ರ‍್ಯಾಂಕ್ ಇನ್ನೂ ಅವನ ಹೆಸರಲ್ಲೇ ಇದೆ.

ಟಿ.ಸಿ. ವಿಚಾರದಲ್ಲಿ ಅವರು ಬಹಳ ಕಟ್ಟುನಿಟ್ಟು. ಧಾರ್ಮಿಕ ಚಿಹ್ನೆ ಎದ್ದು ಕಾಣುವಂತೆ ತೊಟ್ಟು ಶಾಲೆಗೆ ಬರಬಾರದೆಂದು 2004ರಲ್ಲಿ ಕಾನೂನು ಮಾಡಿದರು. 2023ರಲ್ಲಿ ಅತ್ತಾಲ್ ಸಾಹೇಬರು ಕೆಲವು ಮುಸ್ಲಿಂ ಹುಡುಗಿಯರು ತೊಡುವ ಅಬಾಯಾ ಎಂಬ ಉದ್ದನೆಯ ನಿಲುವಂಗಿಯನ್ನೂ ಅದಕ್ಕೆ ಸೇರಿಸಿದರು. ಶಾಲೆ ಶುರುವಾದ ಮೊದಲ ದಿನ ಅದನ್ನು ತೊಟ್ಟು ಬಂದವರು 298, ತೆಗೆಯಲೊಪ್ಪದೆ ಮನೆಗೆ ಮರಳಿದವರು 67. ಇದನ್ನು ಎಣಿಸಿ ಹೇಳಿದವರು ಸ್ವತಃ ಸಚಿವರು. ಗೇಟಿನಲ್ಲಿ ಹುಡುಗಿಯರ ಬಟ್ಟೆ ನೋಡುವ ಈ ಕೆಲಸ, 2022ರ ಉಡುಪಿಯನ್ನು ಕಂಡ ನಮಗೇನೂ ಹೊಸದಲ್ಲ.

ಈಗ ಸ್ತಾನಿಸ್ಲಾಸಿಗೆ ಬನ್ನಿ. ಆ 2004ರ ಕಾನೂನು ಅದರ ಗೇಟು ದಾಟುವುದಿಲ್ಲ; ಅದು ಸರ್ಕಾರಿ ಶಾಲೆಗಳಿಗೆ ಮಾತ್ರ. ಮೇಷ್ಟ್ರುಗಳಿಗೆ ಸರ್ಕಾರ ಕೊಡುವ ಸಂಬಳ ಮಾತ್ರ ಸಲೀಸಾಗಿ ದಾಟುತ್ತದೆ, ಒಪ್ಪಂದಕ್ಕೆ ಬಂದ ಖಾಸಗಿ ಶಾಲೆಗಳಿಗೆ ದುಡ್ಡು ಕೊಡುವ 1959ರ ದೆಬ್ರೆ ಕಾನೂನಿನ ಕೃಪೆಯಿಂದ. ಇಷ್ಟದವರಿಗಷ್ಟೇ ಎಂದಿರಬೇಕಾದ ಕ್ರೈಸ್ತ ಧರ್ಮಪಾಠ ಅಲ್ಲಿ ಕಡ್ಡಾಯವಾಗಿದೆ ಎಂದು ಶಿಕ್ಷಣ ಇಲಾಖೆಯ ತನಿಖಾಧಿಕಾರಿಗಳೇ ಬರೆದ ವರದಿ, ಸಚಿವೆಯ ರಗಳೆ ನಡೆಯುತ್ತಿದ್ದ ವಾರವೇ ಹೊರಬಿತ್ತು. ಅಲ್ಲಿಂದ ಎಷ್ಟು ಮಕ್ಕಳನ್ನು ಮನೆಗೆ ಕಳಿಸಿದರು ಎಂದು ಯಾವ ಸಚಿವರೂ ಲೆಕ್ಕ ಕೊಡಲಿಲ್ಲ.

ಒಂದು ವಿಷಯಕ್ಕೆ ಫ್ರಾನ್ಸನ್ನು ನಿಜಕ್ಕೂ ಮೆಚ್ಚಬೇಕು. ಸಚಿವೆಯ ಮಗ ಸರ್ಕಾರಿ ಶಾಲೆಯಲ್ಲಿಲ್ಲ ಎನ್ನುವುದು ಅಲ್ಲಿ ಸುದ್ದಿಯಾಗುತ್ತದೆ. ನಮ್ಮಲ್ಲಿ ಇದ್ದರೆ ಸುದ್ದಿ.

2024ರ ಅದೇ ಫೆಬ್ರವರಿ ಕೊನೆಗೆ, ಸಚಿವೆಯ ಖಾತೆ ಹೋದ ತಿಂಗಳಲ್ಲೇ, ಪ್ಯಾರಿಸ್ ಪಕ್ಕದ ಬಡ ಜಿಲ್ಲೆ ಸೇನ್-ಸಾಂ-ದನಿಯ ಶಿಕ್ಷಕರು ಮುಷ್ಕರ ಹೂಡಿದರು. ಸೆವ್ರಾಂ ಊರಿನ ಸರ್ಕಾರಿ ಶಾಲೆಯ ಮಕ್ಕಳು ಸೋರುವ ಸೂರನ್ನೂ ಮೇಷ್ಟ್ರಿಲ್ಲದ ಕ್ಲಾಸನ್ನೂ ವಿಡಿಯೋ ಮಾಡಿ ಹಾಕಿದರು, ದೇಶವೆಲ್ಲ ನೋಡಿತು. ಆ ಹೊತ್ತಿಗೇ ದಕ್ಷಿಣದ ಬೆಝಿಯೆಯಲ್ಲಿ ಸರ್ಕಾರ ಬೆನ್ನು ತಟ್ಟಿದ ಸಮವಸ್ತ್ರದ ಪ್ರಯೋಗ ಶುರುವಾಯಿತು. ಬಟ್ಟೆ ಒಂದಾದರೆ ಮಕ್ಕಳೆಲ್ಲ ಸಮಾನರಂತೆ. ಮೇಷ್ಟ್ರನ್ನು ಕೊಡಿ ಅಂದರೆ ಸ್ವೆಟರ್ ತೋರಿಸುವವರಿಗೆ ನಾಚಿಕೆಯಾಗಬೇಕು.