ಸತ್ಯಾಂಶ: ಮೈಕೆಲ್ ಜೋರ್ಡಾನ್ ಮೇಜರ್ ಲೀಗ್ ಬೇಸ್‌ಬಾಲ್ ಆಡಿದ್ದರೇ?

ಬ್ಯಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡಾನ್ ಅವರು ಶಿಕಾಗೊ ವೈಟ್ ಸಾಕ್ಸ್ ತಂಡದ ಪರ ಅಮೆರಿಕದ ಅತ್ಯುನ್ನತ ಹಂತದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲೂ ಮಿಂಚಿದರೆಂಬ ಸಂದೇಶ ಆಗಾಗ ಹರಿದಾಡುತ್ತದೆ. ಇದು ನಿಜವಲ್ಲ. ಅವರು ಮೇಜರ್ ಲೀಗ್‌ನ ಒಂದೇ ಒಂದು ಅಧಿಕೃತ ಪಂದ್ಯವನ್ನೂ ಆಡಿಲ್ಲ.

1994ರ ಫೆಬ್ರುವರಿಯಲ್ಲಿ ಅವರು ಸಹಿ ಹಾಕಿದ್ದು ಮೈನರ್ ಲೀಗ್ (ಕೆಳ ಹಂತದ ಲೀಗ್) ಒಪ್ಪಂದಕ್ಕೆ. ಆ ವರ್ಷದ ಏಪ್ರಿಲ್ 7ರಂದು ಶಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿ ಕಬ್ಸ್ ತಂಡದ ಎದುರು ವೈಟ್ ಸಾಕ್ಸ್ ಸಮವಸ್ತ್ರ ತೊಟ್ಟು ಆಡಿದರಾದರೂ ಅದು ಪ್ರದರ್ಶನ ಪಂದ್ಯವಾಗಿತ್ತು. ತಪ್ಪುಕಲ್ಪನೆಗೆ ಈ ಸಮವಸ್ತ್ರದ ಚಿತ್ರಗಳೂ ಕಾರಣವಾಗಿರಬಹುದು.

ಅವರ ನಿಜವಾದ ಋತು ಕಳೆದದ್ದು ಅಲಬಾಮಾದ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ತಂಡದಲ್ಲಿ, ಮೇಜರ್ ಲೀಗ್‌ಗಿಂತ ಎರಡು ಹಂತ ಕೆಳಗೆ. ಟೆರಿ ಫ್ರಾಂಕೋನಾ ವ್ಯವಸ್ಥಾಪಕರಾಗಿದ್ದ ಆ ತಂಡದಲ್ಲಿ ಔಟ್‌ಫೀಲ್ಡರ್ ಆಗಿ 127 ಪಂದ್ಯಗಳನ್ನಾಡಿದ ಜೋರ್ಡಾನ್ 3 ಹೋಮ್ ರನ್ (ಒಂದೇ ಹೊಡೆತದಲ್ಲಿ ಎಲ್ಲ ಬೇಸ್ ಸುತ್ತಿ ಗಳಿಸುವ ರನ್) ಹೊಡೆದು, 30 ಬೇಸ್ ಕದ್ದು (ಚೆಂಡು ಹೊಡೆಯುವುದಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ), 114 ಬಾರಿ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಂದ ಔಟ್) ಆದರು. ಬ್ಯಾಟಿಂಗ್ ಸರಾಸರಿ .202, ಅಂದರೆ ಸರಿಸುಮಾರು ಐದು ಯತ್ನಗಳಿಗೆ ಒಂದು ಹಿಟ್. ಮಿಂಚಿದರೆನ್ನುವುದು ಅತಿಶಯೋಕ್ತಿಯೇ, ಆದರೆ ಶಾಲಾದಿನಗಳ ನಂತರ ಬೇಸ್‌ಬಾಲ್ ಬಿಟ್ಟಿದ್ದ 31ರ ಹರೆಯದವರು 51 ರನ್‌ಗಳಿಗೆ ಕಾರಣರಾದದ್ದನ್ನು ಕಂಡರೆ, ಪೂರ್ಣ ವಿಫಲರೆಂಬ ಗೇಲಿಯೂ ನ್ಯಾಯವೆನಿಸುವುದಿಲ್ಲ. ಆ ಶರತ್ಕಾಲದಲ್ಲಿ ಅರಿಜೋನಾದಲ್ಲಿ ಅವರ ಸರಾಸರಿ .252ಕ್ಕೆ ಏರಿತ್ತು.

ಮೇಜರ್ ಲೀಗ್ ಆಟಗಾರರ ಮುಷ್ಕರ ಮುಂದುವರಿದಿದ್ದಾಗ, ಅವರ ಬದಲಿಯಾಗಿ ಆಡಲೊಪ್ಪದೆ 1995ರ ಮಾರ್ಚ್‌ನಲ್ಲಿ ಜೋರ್ಡಾನ್ ಬೇಸ್‌ಬಾಲ್ ತೊರೆದು ಶಿಕಾಗೊ ಬುಲ್ಸ್ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಮರಳಿದರು.