ಕುದುರೆಯಲ್ಲಿ ಒಂದು ಕಾಲು

ನನ್ನ ಗೆಳೆಯನೊಬ್ಬ ರೇಸ್ ಕುದುರೆಯ ಮಾಲೀಕನಾಗಿದ್ದಾನೆ. ಪೂರ್ತಿ ಕುದುರೆಗಲ್ಲ, ಕಾಲು ಕುದುರೆಗೆ. ನಾಲ್ಕು ಜನ ಸೇರಿ ಒಂದು ಕುದುರೆ ಕೊಂಡರೆ ತಲಾ ಒಂದು ಕಾಲು ಬರುತ್ತದೆ. ಲೆಕ್ಕದಲ್ಲೂ ಸರಿ, ಕುದುರೆಯಲ್ಲೂ ಸರಿ. "ತಲೆ ಯಾರ ಪಾಲಿಗೆ ಬಂತು?" ಎಂದು ಕೇಳಿದೆ. ಈ ವ್ಯವಹಾರದಲ್ಲಿ ಅದನ್ನು ಯಾರೂ ಬಳಸುವುದಿಲ್ಲವಂತೆ.

"ಖರ್ಚು ಹಂಚಿಹೋಗುತ್ತೆ ಕಣೋ" ಅಂದ. ಗೆದ್ದ ದುಡ್ಡೂ ಹಂಚಿಹೋಗುತ್ತದಲ್ಲ ಎಂದೆ. ಅಂಥ ಸಂದರ್ಭ ಇನ್ನೂ ಬಂದಿಲ್ಲ ಎಂದು ಒಪ್ಪಿಕೊಂಡ.

ಕೊಳ್ಳುವ ಮೊದಲು ಅವನು ಕುದುರೆಯ ವಂಶಾವಳಿಯನ್ನು ಬಾಯಿಪಾಠ ಮಾಡಿದ್ದ. ತಂದೆ ಯಾರು, ತಾಯಿಯ ತಂದೆ ಯಾರು, ಚಿಕ್ಕಮ್ಮ ಯಾವ ಓಟದಲ್ಲಿ ಎಷ್ಟನೆಯವಳು, ಎಲ್ಲವೂ ನಾಲಿಗೆಯ ತುದಿಯಲ್ಲಿ. ತನ್ನ ಮುತ್ತಜ್ಜನ ಹೆಸರು ಕೇಳಿದರೆ ಮಾತ್ರ ಸೂರು ನೋಡುತ್ತಾನೆ. ಕುದುರೆಯ ವಯಸ್ಸನ್ನು ಲೆಕ್ಕ ಹಾಕುವ ರೀತಿಯೂ ಸೊಗಸಾಗಿದೆ. ಭೂಮಿಯ ಉತ್ತರ ಭಾಗದಲ್ಲಿ ಥರೋಬ್ರೆಡ್, ಅಂದರೆ ರೇಸಿಗೆಂದೇ ಬೆಳೆಸಿದ ತಳಿಯ ಕುದುರೆ ಯಾವತ್ತೇ ಹುಟ್ಟಿರಲಿ, ರೇಸಿನವರ ಪ್ರಕಾರ ಅದರ ಹುಟ್ಟುಹಬ್ಬ ಜನವರಿ 1. ದಕ್ಷಿಣ ಭಾಗದಲ್ಲಾದರೆ ಹಲವು ಕಡೆ ಆಗಸ್ಟ್ 1. ಡಿಸೆಂಬರ್ 31ರ ರಾತ್ರಿ ಹುಟ್ಟಿದ ಮರಿಗೆ ಬೆಳಗಾಗುವುದರೊಳಗೆ ಒಂದು ವರ್ಷ ತುಂಬಿರುತ್ತದೆ. ಹುಟ್ಟಿದ ದಿನದಿಂದಲೇ ಕಾಗದದ ಲೆಕ್ಕ ಒಂದು, ಲಾಯದ ಲೆಕ್ಕ ಇನ್ನೊಂದು. ಮುಂದೆ ಬರುವ ಲೆಕ್ಕಗಳಿಗೆ ಇದು ಒಳ್ಳೆಯ ತಾಲೀಮು.

ಕುದುರೆ ಕೊಳ್ಳುವುದು ಸುಲಭ. ಅದು ಒಂದೇ ಸಲದ ನೋವು. ಆಮೇಲೆ ತಿಂಗಳು ತಿಂಗಳೂ ಬರುವುದೇ ಬೇರೆ ನೋವು.

ಅದು ಹತ್ತಿರ ಹತ್ತಿರ ಅರ್ಧ ಟನ್ ತೂಗುವ ಪ್ರಾಣಿ. ದಿನಕ್ಕೆ ಸುಮಾರು 10 ಕೆಜಿ ಮೇವು, ಕಾಳು ಬೇಕು. ಓಟ ಇದ್ದ ದಿನವೂ ತಿನ್ನುತ್ತದೆ, ಇಲ್ಲದ ದಿನ ಇನ್ನೂ ನೆಮ್ಮದಿಯಾಗಿ ತಿನ್ನುತ್ತದೆ. ಮಾಡುವ ಕೆಲಸವೋ, ಎಲ್ಲ ಸರಿಯಿದ್ದರೆ ಕೆಲವು ವಾರಗಳಿಗೊಮ್ಮೆ ಒಂದೆರಡು ನಿಮಿಷದ ಓಟ. ಊಟ, ವಸತಿ, ಸ್ನಾನ, ಮಾಲೀಸು, ಡಾಕ್ಟರು ಎಲ್ಲ ಪುಕ್ಕಟೆ. ಇಂಥ ಕೆಲಸ ಸಿಗುವುದಾದರೆ ಹುಲ್ಲು ತಿನ್ನಲು ನಾನೂ ತಯಾರಿದ್ದೇನೆ.

ಇನ್ನು ಲಾಳ. ನಾಲ್ಕೈದು ವಾರಕ್ಕೊಮ್ಮೆ ಗೊರಸು ಕೆತ್ತಿ ಹೊಸ ಲಾಳ ಹೊಡೆಯಬೇಕು. ಓಟಕ್ಕೆ ಹಗುರವಾದ ಅಲ್ಯೂಮಿನಿಯಂ ಲಾಳವೇ ಆಗಬೇಕು. ಇದನ್ನು ವಿವರಿಸುವಾಗ ನನ್ನ ಗೆಳೆಯನ ಕಾಲಲ್ಲಿದ್ದ ಚಪ್ಪಲಿಗೆ ಮೂರು ವರ್ಷ ವಯಸ್ಸಾಗಿತ್ತು, ಉಂಗುಷ್ಠ ಕಿತ್ತು ಬಂದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಇಲ್ಲಿ ಲಾಯದೊಳಗಿನ ಹಾಸಿಗೆಗೂ ಬಿಲ್ ಬರುತ್ತದೆ, ಅದರ ಮೇಲೆ ಚಾಚಿದ ಕಾಲಿಗೂ ಬರುತ್ತದೆ.

ಅವನಿಂದಲೇ ನನಗೆ ತಿಳಿದ ಒಂದು ಸಂಗತಿ ಇದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಅದೇ ದಾರಿಯಲ್ಲಿ ವಾಪಸ್ ಬರುವ ಹಾಗೇ ಇಲ್ಲ. ಹೀಗಾಗಿ ಹೊಟ್ಟೆನೋವು ಬಂದರೆ ಅದರ ಜೀವಕ್ಕೇ ಅಪಾಯ, ನಡುರಾತ್ರಿಯಲ್ಲೂ ಡಾಕ್ಟರು ಓಡಿಬರಬೇಕು. ಒಳಗೆ ಹೋದದ್ದು ವಾಪಸ್ ಬರುವುದಿಲ್ಲ ಎಂಬ ಮಾತು ಮೇವಿಗೆ ಮಾತ್ರವಲ್ಲ ಎಂದು ಹೇಳುವಾಗ ಅವನ ಮುಖ ನೋಡಬೇಕಿತ್ತು.

ಟ್ರೈನರ್ ಬಗ್ಗೆ ಅವನಿಗೆ ಭಕ್ತಿ. ದಿನದ ಲೆಕ್ಕದಲ್ಲಿ ಫೀಸು, ಗೆದ್ದರೆ ಬಹುಮಾನದಲ್ಲಿ ಪಾಲು. ಜಾಕಿಗೆ ಓಡಿಸಿದ್ದಕ್ಕೆ ಫೀಸು, ಗೆದ್ದರೆ ಅವನಿಗೂ ಪಾಲು. ಬಹಳ ಕಡೆ ಇಬ್ಬರಿಗೂ ಸುಮಾರು ನೂರಕ್ಕೆ ಹತ್ತರಂತೆ ಹೋಗುತ್ತದೆ. ಸೋತರೆ? ಆಗ ಸೋಲು ಪೂರ್ತಿ ಮಾಲೀಕರದೇ. ಅದರಲ್ಲಿ ಪಾಲು ಕೇಳಿಕೊಂಡು ಯಾರೂ ಬರುವುದಿಲ್ಲ, ಆ ಮಟ್ಟಿಗೆ ಎಲ್ಲರೂ ದೊಡ್ಡ ಮನಸ್ಸಿನವರು.

ಪ್ರತಿ ಓಟದ ನಂತರ ಟ್ರೈನರ್ ಫೋನ್ ಬರುತ್ತದೆ. ಮೊದಲ ಸಲ "ಇನ್ನೂ ಮಗು, ಕಲಿಯುತ್ತಿದೆ" ಅಂದರು. ಎರಡನೇ ಸಲ ನೆಲ ಮೆತ್ತಗಿತ್ತು. ಮೂರನೇ ಸಲ ನೆಲ ಗಟ್ಟಿಯಾಗಿತ್ತು. ನಾಲ್ಕನೇ ಸಲ ದೂರ ಸಾಲದಾಯಿತು, ಐದನೇ ಸಲ ಜಾಸ್ತಿಯಾಯಿತು. ಆರನೇ ಸಲ ನೆಲ, ದೂರ ಎರಡೂ ಹದವಾಗಿದ್ದವು, ಆದರೆ ಕುದುರೆಗೆ ಮನಸ್ಸಿರಲಿಲ್ಲ. ಕುದುರೆ ನಿಧಾನ ಎಂಬ ಒಂದು ಮಾತು ಮಾತ್ರ ಆ ಫೋನಿನಲ್ಲಿ ಇವತ್ತಿನವರೆಗೂ ಕೇಳಿಬಂದಿಲ್ಲ.

ಒಮ್ಮೆ ನಾಲ್ಕನೆಯದಾಗಿ ಬಂತು. ನಾಲ್ಕನೇ ಸ್ಥಾನಕ್ಕೂ ಸ್ವಲ್ಪ ಬಹುಮಾನ ಇತ್ತು. ಟ್ರೈನರ್ ಪಾಲು, ಜಾಕಿಯ ಪಾಲು ಕಳೆದು, ಉಳಿದದ್ದನ್ನು ನಾಲ್ಕು ಮಾಡಿದಾಗ ಇವನ ಕೈಗೆ ಬಂದದ್ದು ಒಂದು ಸಲ ಲಾಳ ಹೊಡೆಸುವಷ್ಟು. ಖುಷಿಯಲ್ಲಿ ಅದನ್ನು ಕುದುರೆ ನೋಡಿಕೊಳ್ಳುವ ಸೈಸ್‌ಗೆ ಬಕ್ಷೀಸು ಕೊಟ್ಟುಬಿಟ್ಟ.

ಆಮೇಲೆ ಕುದುರೆ ಕುಂಟಿತು. ಎಡ ಮುಂಗಾಲಿನ ಸ್ನಾಯುರಜ್ಜುವಿಗೆ ಪೆಟ್ಟು. ಅದು ಬೇಗ ಮಾಗುವ ಜಾತಿಯದಲ್ಲ, ತಿಂಗಳುಗಟ್ಟಲೆ ಬೇಕು, ಒಮ್ಮೊಮ್ಮೆ ವರ್ಷವೇ ಹಿಡಿಯುತ್ತದೆ. ನಾಲ್ವರೂ ಸಭೆ ಸೇರಿದರು. ಎಡ ಮುಂಗಾಲು ಯಾರದು ಎಂಬ ಪ್ರಶ್ನೆ ಬಂತು. ಮೊದಲ ದಿನ ಫೋಟೋ ತೆಗೆಸಿಕೊಳ್ಳುವಾಗ ಮುಂಗಾಲಿನ ಪಕ್ಕ ನಿಲ್ಲಲು ನೂಕಾಡಿದ್ದವರೇ ಈಗ ತಮ್ಮದು ಹಿಂಗಾಲು ಎಂದರು. ಬಾಲ ಸಾಕು ಎಂದವರೂ ಇದ್ದರು. ಅಂತೂ ಈಗ ಅವರ ಹತ್ತಿರ ಇರುವುದು ಮುಕ್ಕಾಲು ಕುದುರೆ. ಬಿಲ್ ಮಾತ್ರ ಪೂರ್ತಿ ಕುದುರೆಯದೇ ಬರುತ್ತಿದೆ.

ಸಮಾಧಾನ ಮಾಡೋಣ ಅಂತ ನಾನು ದೊಡ್ಡವರ ಕಥೆ ಹೇಳಿದೆ. 2006ರಲ್ಲಿ ಫ್ಲಾರಿಡಾದ ಹರಾಜಿನಲ್ಲಿ ದಿ ಗ್ರೀನ್ ಮಂಕಿ ಎಂಬ ಎರಡು ವರ್ಷದ ಕುದುರೆ 1 ಕೋಟಿ 60 ಲಕ್ಷ ಡಾಲರಿಗೆ ಹೋಯಿತು. ಹರಾಜಿಗೆ ಮೊದಲು ಒಂದು ಫರ್ಲಾಂಗನ್ನು, ಅಂದರೆ ಸುಮಾರು 200 ಮೀಟರನ್ನು, 9.8 ಸೆಕೆಂಡಿನಲ್ಲಿ ಓಡಿ ತೋರಿಸಿತ್ತು. ಕೊಂಡವರು ಕುದುರೆ ವ್ಯಾಪಾರದಲ್ಲಿ ಪಳಗಿದವರೇ. ಅದು ಮೂರು ಓಟ ಓಡಿತು, ಒಂದನ್ನೂ ಗೆಲ್ಲಲಿಲ್ಲ. ಒಟ್ಟು ಗಳಿಕೆ 10,440 ಡಾಲರ್. ಕೊಟ್ಟ ದುಡ್ಡು ಹುಟ್ಟಬೇಕಾದರೆ ಅದು ಅದೇ ಮೂರು ಓಟವನ್ನು 1,500ಕ್ಕೂ ಹೆಚ್ಚು ಸಲ ಓಡಬೇಕಿತ್ತು. ಹಸಿರು ಮಂಗ ಎಂದು ಹೆಸರಿಟ್ಟರು ಸರಿ, ಮಂಗ ಆದವರು ಯಾರು ಎಂಬುದನ್ನು ನಾನು ಹೇಳಬೇಕಾಗಿಲ್ಲ ಅಲ್ವಾ?

ಅದಕ್ಕೂ ಮೊದಲು, 1983ರಲ್ಲಿ, ಸ್ನಾಫಿ ಡ್ಯಾನ್ಸರ್ ಎಂಬ ಮರಿಗೆ 1 ಕೋಟಿ 2 ಲಕ್ಷ ಡಾಲರ್ ಕೊಟ್ಟರು. ಅಭ್ಯಾಸದಲ್ಲೇ ಎಷ್ಟು ನಿಧಾನವಾಗಿತ್ತೆಂದರೆ ಅದನ್ನು ಒಂದು ಓಟಕ್ಕೂ ಇಳಿಸಲಿಲ್ಲ. ಹೋಗಲಿ, ಮಕ್ಕಳನ್ನಾದರೂ ಹುಟ್ಟಿಸಲಿ ಎಂದು ತಳಿಗೆ ಬಿಟ್ಟರು. ಅಲ್ಲೂ ತೊಂದರೆ. ಹುಟ್ಟಿದ್ದು ಬರೀ ನಾಲ್ಕು ಮರಿ.

ಗೆಳೆಯನಿಗೆ ಸಮಾಧಾನ ಆಗಲಿಲ್ಲ, ಹುರುಪು ಬಂತು. "ಅದಕ್ಕೇ ಕಣೋ ದುಬಾರಿ ಕುದುರೆ ತಗೋಬಾರದು" ಅಂದ. ಸಿಯಾಟಲ್ ಸ್ಲೂ ಎಂಬ ಕುದುರೆಯನ್ನು 17,500 ಡಾಲರಿಗೆ ಕೊಂಡಿದ್ದರು, ಅದು 1977ರಲ್ಲಿ ಅಮೆರಿಕದ ಟ್ರಿಪಲ್ ಕ್ರೌನ್, ಅಂದರೆ ಒಂದೇ ವರ್ಷದಲ್ಲಿ ಮೂರು ದೊಡ್ಡ ಓಟ, ಗೆದ್ದಿತು ಎಂದ. ಮಾತು ನಿಜ. ಕುದುರೆ ಮಾರುವವರಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕಿಲ್ಲ. ಅರ್ಧ ಶತಮಾನ ಆಗುತ್ತಾ ಬಂದರೂ ಆ ಒಂದು ಕುದುರೆ ಇನ್ನೂ ಓಡುತ್ತಲೇ ಇದೆ, ಎಷ್ಟೋ ಜನರ ಉಳಿತಾಯದ ಮೇಲೆ.

ಸೋತರೂ ಹೆಸರು ಬರುತ್ತದೆ ಎಂಬುದು ಅವನ ಕೊನೆಯ ವಾದ. ಜಪಾನಿನ ಹರು ಉರಾರಾ ಎಂಬ ಕುದುರೆ 113 ಓಟ ಓಡಿ 113ನ್ನೂ ಸೋತಿತು. ಜನ ಅದನ್ನು ತಲೆಯ ಮೇಲೆ ಹೊತ್ತರು. ಅದರ ಮೇಲೆ ಕಟ್ಟಿದ ಬಾಜಿಯ ಚೀಟಿಯನ್ನು ರಸ್ತೆ ಅಪಘಾತ ತಪ್ಪಿಸುವ ತಾಯಿತದ ಹಾಗೆ ಇಟ್ಟುಕೊಂಡರು. ಬಾಜಿ ತಗಲುವುದಿಲ್ಲ ಎನ್ನುವುದಕ್ಕೂ ಗಾಡಿ ತಗಲುವುದಿಲ್ಲ ಎನ್ನುವುದಕ್ಕೂ ಅವರ ಭಾಷೆಯಲ್ಲಿ ಒಂದೇ ಮಾತಂತೆ. ಚೆನ್ನಾಗಿದೆ. ಆದರೆ ಆ ಕೀರ್ತಿ ಬರಬೇಕಾದರೂ ನೂರು ಚಿಲ್ಲರೆ ಸಲ ಜಾಕಿಯ ಫೀಸು ಕಟ್ಟಬೇಕಲ್ಲ!

ಮೊನ್ನೆ ಸಿಕ್ಕಿದ್ದ. ತನ್ನ ಕಾಲಿನಲ್ಲಿ ಅರ್ಧ ಮಾರಿದ್ದಾನೆ. ಈಗ ಅವನದು ಅರೆಕಾಲು. ಬುದ್ಧಿ ಬಂತಲ್ಲ ಎಂದು ನಾನು ಖುಷಿಪಡುವಷ್ಟರಲ್ಲಿ, ಆ ದುಡ್ಡಿನಲ್ಲಿ ಬೇರೆ ಮರಿಯೊಂದರಲ್ಲಿ ಕಾಲು ಹಿಡಿದಿದ್ದೇನೆ ಎಂದ. ಬೆಲೆ ಕಡಿಮೆಯಂತೆ, ಅಪ್ಪ ಗೆದ್ದವನಂತೆ, ನಡಿಗೆ ನೋಡಿದರೆ ಸಾಕಂತೆ. ಆಮೇಲೆ ದನಿ ತಗ್ಗಿಸಿ, "ಇನ್ನೂ ಒಂದು ಕಾಲು ಖಾಲಿ ಇದೆ ಕಣೋ. ಹಿಂಗಾಲು. ಪೆಟ್ಟಾಗೋದು ಕಡಿಮೆ" ಅಂದ.

ನಾನು ನನ್ನ ಎರಡೂ ಕಾಲಿಗೆ ಬುದ್ಧಿ ಹೇಳಿ ಅಲ್ಲಿಂದ ಹೊರಟೆ. ಗೇಟಿನ ತನಕ ಹೋದವನು ತಿರುಗಿ ನಿಂತು, ಸುಮ್ನೆ, ತಿಳಿದಿರಲಿ ಅಂತ, ಎಷ್ಟು ಎಂದು ಕೇಳಿದೆ.